ಅಲಗು, ಕೋನ, ಕಣ: ಸಾಣೆಯ ಭೌತಶಾಸ್ತ್ರ

ಮೊಂಡು ಚೂರಿಯಿಂದ ಟೊಮೇಟೊ ಹೆಚ್ಚಲು ಹೋದವರಿಗೆಲ್ಲ ಒಂದು ಅನುಭವವಾಗಿರುವುದುಂಟು. ಅಲಗು ಸಿಪ್ಪೆಯನ್ನು ಸೀಳುವುದಕ್ಕೆ ಬದಲಾಗಿ ಅದರ ಮೇಲೆ ಜಾರುತ್ತದೆ. ಕೈ ಇನ್ನಷ್ಟು ಒತ್ತುತ್ತದೆ. ಕೊನೆಗೆ ಹಣ್ಣು ಜಜ್ಜಿಹೋಗುತ್ತದೆ, ಇಲ್ಲವೆ ಬೆರಳು ಕೊಯ್ದುಕೊಳ್ಳುತ್ತದೆ. ಹರಿತವಾದ ಚೂರಿಗಿಂತ ಮೊಂಡು ಚೂರಿಯೇ ಹೆಚ್ಚು ಅಪಾಯಕರವೆಂಬ ಮಾತಿನಲ್ಲಿ ಸತ್ಯವಿದೆ. ಹಾಗಾದರೆ ಹರಿತವೆಂದರೇನು? ಅದನ್ನು ಪಡೆಯಲು ಯಾವ ಕಲ್ಲು, ಯಾವ ಸಾಧನ ತಕ್ಕದ್ದು? ಪಠ್ಯಪುಸ್ತಕದಲ್ಲಿ ನಾವು ಓದಿದ ಸಾಮಾನ್ಯ ನಿಯಮಗಳೇ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವು.

ಅಲಗಿನ ಅಂಚು ಎಷ್ಟೇ ತೆಳುವಾಗಿ ಕಂಡರೂ ಅದು ರೇಖಾಗಣಿತದ ರೇಖೆಯಲ್ಲ, ಅದಕ್ಕೂ ಅಗಲವುಂಟು. ಮೊಂಡಾದ ಅಂಚಿನ ಅಗಲ 20 ಮೈಕ್ರಾನ್ ಇದೆಯೆನ್ನೋಣ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಅಂಚಿನ 50 ಮಿಲಿಮೀಟರಿನಷ್ಟು ಉದ್ದ ಹಣ್ಣಿಗೆ ತಾಗಿದರೆ, ತಾಗಿದ ವಿಸ್ತೀರ್ಣ ಒಂದು ಚದರ ಮಿಲಿಮೀಟರು. 10 ನ್ಯೂಟನ್ ಬಲವನ್ನು, ಅಂದರೆ ಸುಮಾರು ಒಂದು ಕಿಲೋಗ್ರಾಮಿನ ತೂಕವನ್ನು, ಅದರ ಮೇಲೆ ಹಾಕಿದರೆ ಒತ್ತಡವು ಚದರ ಮಿಲಿಮೀಟರಿಗೆ 10 ನ್ಯೂಟನ್ ಆಗುತ್ತದೆ. ಅಂಚನ್ನು ಮಸೆದು ಅಗಲವನ್ನು 1 ಮೈಕ್ರಾನಿಗೆ ಇಳಿಸಿದರೆ ಅದೇ ಬಲದಿಂದ 200 ನ್ಯೂಟನ್ ಒತ್ತಡ ದೊರೆಯುತ್ತದೆ. ಕೈ ಬದಲಾಗಲಿಲ್ಲ, ಬಲ ಬದಲಾಗಲಿಲ್ಲ. ಒತ್ತಡ ಮಾತ್ರ ಇಪ್ಪತ್ತು ಪಾಲಾಯಿತು. ಹರಿತದ ರಹಸ್ಯವೆಲ್ಲ ಇದರಲ್ಲಿದೆ.

ಎರಡು ಮುಖಗಳು ಒಂದು ನಿಶ್ಚಿತ ಕೋನದಲ್ಲಿ ಕೂಡುವ ಎಡೆಯೇ ಅಂಚು. ಕೋನ ಕಿರಿದಾದಷ್ಟೂ ಅಲಗು ಸುಲಭವಾಗಿ ಒಳಹೊಗುತ್ತದೆ. ಆದರೆ ಅಷ್ಟೇ ಬೇಗ ಮುಕ್ಕಾಗುತ್ತದೆ, ಇಲ್ಲವೆ ಮಡಿಚಿಕೊಳ್ಳುತ್ತದೆ. ಅಡಿಗೆಮನೆಯ ಚೂರಿಗೆ ಪ್ರತಿಯೊಂದು ಬದಿಗೂ 15ರಿಂದ 20 ಡಿಗ್ರಿ ಸಾಮಾನ್ಯವಾಗಿ ಒಪ್ಪುತ್ತದೆ. ಗಟ್ಟಿ ಪದಾರ್ಥಗಳನ್ನು ಕಡಿಯುವ ಆಯುಧಗಳಿಗೆ ಇದಕ್ಕಿಂತ ಹೆಚ್ಚಿನ ಕೋನ ಬೇಕು. ಉಕ್ಕು ಮೆದುವಾಗಿದ್ದಲ್ಲಿ ಕೋನವನ್ನು ಸ್ವಲ್ಪ ಹಿರಿದಾಗಿ ಇಡುವುದು ವಿವೇಕ.

ಹೀಗೆ ಆಯ್ದ ಕೋನವನ್ನು ಮಸೆಯುವಾಗ ಕೊನೆಯವರೆಗೂ ಕಾಪಾಡಿಕೊಳ್ಳುವುದೇ ಕಷ್ಟ. ಪಳಗಿದ ಕ್ಷೌರಿಕನ ಅಥವಾ ಬಡಗಿಯ ಕೈ ವರ್ಷಗಳ ಅಭ್ಯಾಸದಿಂದ ಇದನ್ನು ಸಾಧಿಸುತ್ತದೆ. ಹೊಸಬರ ಮಣಿಕಟ್ಟು ಪ್ರತಿ ಎಳೆತದಲ್ಲಿಯೂ ತೂಗಾಡುವುದರಿಂದ ಅಂಚು ಚೂಪಾಗುವುದಕ್ಕೆ ಬದಲು ಉರುಟಾಗುತ್ತದೆ. ಈ ತೂಗಾಟವನ್ನು ತಡೆಯುವುದಕ್ಕಾಗಿಯೇ ನಿಯತಕೋನದ ಸಾಣೆ ಸಾಧನಗಳು ಬಂದಿವೆ. ಇವುಗಳಲ್ಲಿ ಚೂರಿಯ ಬೆನ್ನನ್ನು ಒಂದು ಹಿಡಿಕೆಯಲ್ಲಿ ಬಿಗಿಯುತ್ತಾರೆ. ಬೆನ್ನಿನ ಹಿಂದೆ, ಅಲಗಿನ ಸಮತಲದಿಂದ ತುಸು ಎತ್ತರದಲ್ಲಿ, ಒಂದು ಕೀಲು ಇರುತ್ತದೆ. ಆ ಕೀಲಿನ ಮೂಲಕ ಹಾಯುವ ಕಡ್ಡಿಗೆ ಸಾಣೆಕಲ್ಲನ್ನು ಜೋಡಿಸಿರುತ್ತಾರೆ.

ಕೀಲಿನ ಎತ್ತರವನ್ನು ಕೀಲಿನಿಂದ ಅಂಚಿಗಿರುವ ಅಡ್ಡದೂರದಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್ ದೊರೆಯುತ್ತದೆ. ದೂರ 200 ಮಿಲಿಮೀಟರು, ಎತ್ತರ 73 ಮಿಲಿಮೀಟರು ಆದರೆ ಕೋನ ಸುಮಾರು 20 ಡಿಗ್ರಿ. ಕಡ್ಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಕೋನ ಬದಲಾಗದೆ ಇರುವುದೆಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಸರಳರೇಖೆ, ಅದರ ಹೊರಗೆ ಒಂದು ಬಿಂದು: ಇವೆರಡನ್ನೂ ಒಳಗೊಳ್ಳುವ ಸಮತಲ ಒಂದೇ ಒಂದು. ಅಂಚು ಆ ರೇಖೆ, ಕೀಲು ಆ ಬಿಂದು. ಕಲ್ಲಿನ ಮೈ ಸದಾ ಆ ಸಮತಲದಲ್ಲಿಯೇ ಇರುವುದರಿಂದ ಅಂಚು ನೇರವಾಗಿರುವಷ್ಟು ದೂರವೂ ಕೋನ ಒಂದೇ ಆಗಿರುತ್ತದೆ. ತುದಿಯ ಬಳಿ ಅಂಚು ಬಾಗಿದಾಗ ಅಲ್ಲಿನ ಸ್ಪರ್ಶರೇಖೆಯು ಕೀಲಿನಿಂದ ಬೇರೊಂದು ದೂರದಲ್ಲಿರುವುದರಿಂದ ಕೋನವೂ ಬೇರೆಯಾಗುತ್ತದೆ. ಚೂರಿಯನ್ನು ಹಿಡಿಕೆಯಲ್ಲಿ ಕೊಂಚ ಸರಿಸಿ ಬಿಗಿದರೆ ಈ ವ್ಯತ್ಯಾಸವನ್ನು ತಗ್ಗಿಸಬಹುದು. ಈಳಿಗೆ, ಕುಡುಗೋಲುಗಳಂಥ ಬಾಗಿದ ಆಯುಧಗಳಿಗೆ ಈ ಸಾಧನ ಅಷ್ಟಾಗಿ ಒಗ್ಗುವುದಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ.

ಕೊಳ್ಳುವವರು ಗಮನಿಸತಕ್ಕ ಇನ್ನೊಂದು ಅಂಶವಿದೆ. ಒಂದು ಕಲ್ಲನ್ನು ತೆಗೆದು ಅದಕ್ಕಿಂತ 3 ಮಿಲಿಮೀಟರು ದಪ್ಪದ ಇನ್ನೊಂದನ್ನು ಹಾಕಿದರೆ, ಮೇಲೆ ಹೇಳಿದ ಅಳತೆಯಲ್ಲಿ ಕೋನವು ಸುಮಾರು 0.8 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಹೊಸ ಕಲ್ಲು ಆಗ ಅಂಚನ್ನು ಮುಟ್ಟದೆ ಅದರ ಹಿಂಭಾಗವನ್ನು ಮಾತ್ರ ಉಜ್ಜುತ್ತಿರುತ್ತದೆ. ಆದುದರಿಂದ ಕಲ್ಲುಗಳೆಲ್ಲ ಒಂದೇ ದಪ್ಪದವಾಗಿರಬೇಕು, ಇಲ್ಲವೆ ದಪ್ಪಕ್ಕೆ ತಕ್ಕಂತೆ ಕೀಲನ್ನು ಸರಿಪಡಿಸಲು ಅವಕಾಶವಿರಬೇಕು. ಕೀಲು ಸಡಿಲವಾಗಿ ಅಲುಗಾಡುವ ಸಾಧನವು ಎಷ್ಟು ಅಗ್ಗವಾದರೂ ಬೇಡ.

ಇನ್ನು ಕಲ್ಲಿನ ವಿಚಾರ. ಉಕ್ಕನ್ನು ಸವೆಯಿಸುವ ವಸ್ತು ಉಕ್ಕಿಗಿಂತ ಗಡಸಾಗಿರಬೇಕಷ್ಟೆ. ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಗಡಸುತನ 7, ಕುರುಂದದ್ದು 9, ವಜ್ರದ್ದು 10. ಕುರುಂದವೆಂದರೆ ಅಲ್ಯೂಮಿನಿಯಂ ಆಕ್ಸೈಡ್; ಕೆಂಪು, ನೀಲ ಮಣಿಗಳೂ ಇದರ ಪ್ರಭೇದಗಳೇ. ನಮ್ಮ ಹಳೆಯ ಮೈಸೂರು ಪ್ರಾಂತದಲ್ಲಿಯೂ ಇದು ದೊರೆಯುತ್ತದೆ. ಕೊರಂಡಂ ಎಂಬ ಪಾಶ್ಚಾತ್ಯ ಹೆಸರು ತಮಿಳಿನ ಕುರುಂದದಿಂದ ಹುಟ್ಟಿದ್ದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ಪಡೆದು ಅದಕ್ಕೆ ಕಾರ್ಬೊರಂಡಂ ಎಂದು ಹೆಸರಿಟ್ಟನು. ಇದು ಕುರುಂದಕ್ಕಿಂತಲೂ ಗಡಸು. ವೆನೇಡಿಯಂ ಬೆರೆತ ಕೆಲವು ಉಕ್ಕುಗಳಲ್ಲಿ ಕುರುಂದವನ್ನು ಮೀರಿಸುವಷ್ಟು ಗಡಸಾದ ಕಾರ್ಬೈಡ್ ಕಣಗಳಿರುತ್ತವೆ. ಅವಕ್ಕೆ ವಜ್ರದ ಪುಡಿ ಲೇಪಿಸಿದ ಫಲಕವೇ ತಕ್ಕದ್ದು.

ಕಲ್ಲಿನ ಮೇಲೆ ಬರೆದಿರುವ 400, 1000, 3000 ಎಂಬ ಗ್ರಿಟ್ ಸಂಖ್ಯೆಗಳು ಕಣದ ಸಣ್ಣತನವನ್ನು ಸೂಚಿಸುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ಒರಟು ಪುಡಿಯನ್ನು ಜರಡಿಯಿಂದ ವಿಂಗಡಿಸಬಹುದು. ಆದರೆ 10 ಮೈಕ್ರಾನಿನ ಪುಡಿಯನ್ನು ವಿಂಗಡಿಸುವುದು ಹೇಗೆ? ಇಲ್ಲಿ 1851ರಲ್ಲಿ ಪ್ರಕಟವಾದ ಸ್ಟೋಕ್ಸ್ ನಿಯಮವು ನೆರವಿಗೆ ಬರುತ್ತದೆ. ನೀರಿನಲ್ಲಿ ಮುಳುಗುವ ಸಣ್ಣ ಕಣದ ಅಂತಿಮ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಾರ್ಬೊರಂಡಂ ಕಣಗಳನ್ನು ಗೋಳಗಳೆಂದು ಭಾವಿಸಿ ಲೆಕ್ಕಹಾಕಿದರೆ, 12 ಸೆಂಟಿಮೀಟರು ಆಳದ ನೀರನ್ನು ಇಳಿಯಲು 20 ಮೈಕ್ರಾನಿನ ಕಣಕ್ಕೆ ಸುಮಾರು 4 ನಿಮಿಷ ಸಾಕು. 10 ಮೈಕ್ರಾನಿನದಕ್ಕೆ ಸುಮಾರು 17 ನಿಮಿಷ ಬೇಕು. ಮೊದಲು ತಳ ಸೇರಿದ್ದು ಒರಟು, ತಡವಾಗಿ ಸೇರಿದ್ದು ನುಣುಪು.

ಆದರೆ ಈ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1000 ಎಂಬ ಗುರುತು ಜಪಾನಿನ ಮಾನದಲ್ಲಿ ಸುಮಾರು 11.5 ಮೈಕ್ರಾನ್, ಯೂರೋಪಿನ ಕಲ್ಲುಗಳ ಮಾನದಲ್ಲಿ ಸುಮಾರು 4.5, ಅದೇ ಯೂರೋಪಿನ ಉಜ್ಜುಕಾಗದದ ಮಾನದಲ್ಲಿ ಸುಮಾರು 18.3. ಕೊಳ್ಳುವಾಗ ಸಂಖ್ಯೆಗಿಂತ ಮೈಕ್ರಾನನ್ನು ಕೇಳುವುದು ಲೇಸು.

ಎಷ್ಟು ಕಲ್ಲುಗಳು ಬೇಕು? ಪ್ರತಿಯೊಂದು ಕಲ್ಲೂ ತನ್ನ ಕಣದ ಗಾತ್ರಕ್ಕೆ ತಕ್ಕ ಗೀರುಗಳನ್ನು ಬಿಡುತ್ತದೆ. ಮುಂದಿನ ಕಲ್ಲು ಅವನ್ನು ಅಳಿಸಬೇಕು. ಒಮ್ಮೆಗೇ ಬಹಳ ನುಣುಪಿಗೆ ಹಾರಿದರೆ ಆಳವಾದ ಗೀರುಗಳನ್ನು ಅಳಿಸುವುದರಲ್ಲಿಯೇ ಗಂಟೆಗಳು ಕಳೆಯುತ್ತವೆ. ಜಪಾನೀ ಮಾನದ 400, 1000, 3000 ಎಂಬ ಮೂರು ಕಲ್ಲುಗಳಲ್ಲಿ ಕಣದ ಗಾತ್ರವು 30, 11.5, 4 ಮೈಕ್ರಾನ್ ಎಂದು ಪ್ರತಿ ಮೆಟ್ಟಿಲಿಗೂ ಸರಿಸುಮಾರು ಮೂರನೆಯ ಒಂದು ಪಾಲಾಗಿ ಇಳಿಯುತ್ತದೆ. ಮನೆಯ ಬಳಕೆಗೆ ಇವು ಮೂರೇ ಸಾಕು. ಮುಕ್ಕಾದ ಚೂರಿಗೆ ಮಾತ್ರ 400; ಸಾಧಾರಣ ಮೊಂಡುತನಕ್ಕೆ 1000ದಿಂದಲೇ ಆರಂಭಿಸಬಹುದು. ತರಕಾರಿ ಹೆಚ್ಚಲು 1000 ಬಿಟ್ಟುಹೋಗುವ ಸೂಕ್ಷ್ಮ ಹಲ್ಲುಗಳು ಸಹಾಯಕವೇ ಹೌದು. ಕ್ಷೌರದ ಕತ್ತಿಗೆ ಇನ್ನೂ ನುಣುಪಾದುದು ಬೇಕು. ಹತ್ತು ಕಲ್ಲುಗಳ ಪೆಟ್ಟಿಗೆಗೆ ಹಣ ಸುರಿಯುವುದಕ್ಕಿಂತ ಮೂರು ಒಳ್ಳೆಯ ಕಲ್ಲುಗಳು ಮೇಲು.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ನಮ್ಮ ತಂದೆಯವರು ಬಹುಕಾಲ ಬಳಸಿದ ಕಾರ್ಬನ್ ಉಕ್ಕಿನ ಚೂರಿಯೊಂದನ್ನು, ಬೇಗ ಮುಗಿಯಲೆಂದು, ವೇಗವಾಗಿ ತಿರುಗುವ ಸಾಣೆಚಕ್ರಕ್ಕೆ ಒಣಗಿದಂತೆಯೇ ಒಡ್ಡಿದೆ. ಕಿಡಿಗಳು ಚೆನ್ನಾಗಿ ಹಾರಿದವು. ಕ್ಷಣದಲ್ಲಿ ಅಂಚಿನ ಮೇಲೆ ನೀಲಿ ಛಾಯೆ ಮೂಡಿತು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಮುಟ್ಟಿತೆಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಘರ್ಷಣೆಯಿಂದ ಶಾಖವೆಂದು ತರಗತಿಯಲ್ಲಿ ಬೋಧಿಸುವವನು ನಾನೇ; ಆದರೂ ಅಂದು ಮರೆತಿದ್ದೆ. ಹದ ಕೆಟ್ಟ ಆ ಅಂಚು ಅಂದು ಹರಿತವಾಗಿಯೇ ಇತ್ತು, ವಾರದೊಳಗೆ ಮಡಿಚಿಕೊಂಡಿತು. ಕೆಟ್ಟ ಲೋಹವನ್ನೆಲ್ಲ ಕಲ್ಲಿನ ಮೇಲೆ ನಿಧಾನವಾಗಿ ಸವೆಯಿಸಿ ತೆಗೆದ ಮೇಲೆಯೇ ಚೂರಿ ಮತ್ತೆ ಬಾಳಿಕೆಗೆ ಬಂದಿತು. ಅಗಲ ಮಾತ್ರ ಒಂದಿಷ್ಟು ಕಡಿಮೆಯಾಯಿತು.

ಸಾಧನ ಕೈಗೆ ಬಂದಾಗ ಮೊದಲು ಒಂದು ಅಗ್ಗದ ಚೂರಿಯ ಮೇಲೆ ಅಭ್ಯಾಸ ಮಾಡಿರಿ. ಅಂಚಿನ ಎರಡೂ ಮುಖಗಳಿಗೆ ಶಾಯಿ ಬಳಿದು ಕಲ್ಲನ್ನು ಎರಡು ಬಾರಿ ಎಳೆಯಿರಿ. ಶಾಯಿ ತುದಿಯಂಚಿನವರೆಗೂ ಅಳಿಸಿದ್ದರೆ ಕೋನ ಸರಿ. ಹಿಂದೆ ಮಾತ್ರ ಅಳಿಸಿದ್ದರೆ ಕೋನ ಕಡಿಮೆ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಹೆಚ್ಚು. ಒಂದು ಬದಿಯನ್ನು ಮಸೆಯುತ್ತಿರುವಾಗ ಇನ್ನೊಂದು ಬದಿಗೆ ಕೂದಲಿನಷ್ಟು ತೆಳುವಾದ ಲೋಹದ ಸಿಬಿರು ಎದ್ದಿದೆಯೇ ಎಂದು, ಅಂಚಿನಿಂದ ಹೊರಕ್ಕೆ ಬೆರಳು ಸವರಿ ನೋಡಿರಿ. ಅದು ಉದ್ದಕ್ಕೂ ಎದ್ದ ಮೇಲೆಯೇ ಬದಿಯನ್ನು ಬದಲಿಸತಕ್ಕದ್ದು. ಕೊನೆಗೆ ಹಗುರವಾದ ಎಳೆತಗಳಿಂದ ಆ ಸಿಬಿರನ್ನು ನೀಗಿಸಿ, ಒಂದು ಟೊಮೇಟೊವನ್ನು ತನ್ನಿರಿ. ಚೂರಿ ತನ್ನ ತೂಕದಿಂದಲೇ ಸಿಪ್ಪೆಯೊಳಗೆ ಇಳಿದರೆ, ಕೋನವೂ ಕಣವೂ ತಮ್ಮ ಕೆಲಸವನ್ನು ಸರಿಯಾಗಿ ಮಾಡಿವೆಯೆಂದು ತಿಳಿಯಿರಿ.