ಅಮ್ಮನ ನಂಬರ್ ಪೋರ್ಟ್ ಮಾಡಿಸುವಾಗ ಕಲಿತದ್ದು

ಮೊಬೈಲ್ ನಂಬರ್ ಈಗ ಮಾತಿಗಷ್ಟೇ ಇರುವುದಲ್ಲ. ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಮ್ಮನ ಪಾಲಿಗೆ ಗೃಹಲಕ್ಷ್ಮಿ ಹಣ ಜಮಾ ಆದ ಸುದ್ದಿ, ಗ್ಯಾಸ್ ಬುಕಿಂಗ್, ಆಧಾರ್ ಒಟಿಪಿ, ಶಿವಮೊಗ್ಗದ ಆಸ್ಪತ್ರೆಯ ಕರೆ ಎಲ್ಲವೂ ಅದರ ಮೂಲಕವೇ ಬರಬೇಕು. ಆ ಹತ್ತು ಅಂಕಿ ಕೈತಪ್ಪಿದರೆ ಒಂದೊಂದು ಕಚೇರಿಯ ಮುಂದೆಯೂ ಹೊಸದಾಗಿ ಸಾಲು ನಿಲ್ಲಬೇಕು. ಹಾಗಾಗಿ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ, ನಾವೆಲ್ಲ ‘ಪೋರ್ಟ್’ ಅನ್ನುವುದು, ಪೇಟೆಯವರಿಗಿಂತ ಹಳ್ಳಿಯವರಿಗೇ ಹೆಚ್ಚು ಬೇಕು. ಅಮ್ಮನ ನಂಬರಿಗಾಗಿ ಓಡಾಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಹಕ್ಕೇನೋ ನಮಗೆ ಸಿಕ್ಕಿದೆ. ಅದನ್ನು ಚಲಾಯಿಸುವ ದಾರಿ ಮಾತ್ರ ಇನ್ನೂ ನಾವು ಬಿಡಬೇಕೆಂದಿರುವ ಕಂಪನಿಯ ಅಂಗಳದಲ್ಲೇ ಹಾದುಹೋಗುತ್ತದೆ.

ಸಿಕ್ಕಿರುವ ಹಕ್ಕು ಸಣ್ಣದಲ್ಲ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಶುರುವಾದ ವ್ಯವಸ್ಥೆ 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. 2015ರ ಜುಲೈ 3ರಿಂದ, ಮುಂಬೈಗೋ ಹೈದರಾಬಾದಿಗೋ ಹೋಗಿ ನೆಲೆಸಿದವರೂ ಊರಿನ ನಂಬರ್ ಇಟ್ಟುಕೊಂಡೇ ಅಲ್ಲಿನ ಸೇವೆ ಪಡೆಯುವಂತಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ತಂದ ದೊಡ್ಡ ತಿದ್ದುಪಡಿ 2019ರ ಡಿಸೆಂಬರ್ 16ರಿಂದ ಜಾರಿಯಾಯಿತು. ಏಳು ಕೆಲಸದ ದಿನ ಹಿಡಿಯುತ್ತಿದ್ದ ಕೆಲಸ ಒಂದೇ ಟೆಲಿಕಾಂ ಸರ್ಕಲ್ಲಿನೊಳಗೆ, ಅಂದರೆ ಒಂದೇ ಸೇವಾ ವಲಯದೊಳಗೆ, ಮೂರು ದಿನಕ್ಕೆ ಇಳಿಯಿತು. ಸರ್ಕಲ್ ದಾಟಿದರೆ ಐದು. ಪೋರ್ಟ್‌ಗೆ ಬೇಕಾದ ಎಂಟಕ್ಷರದ ಯುಪಿಸಿ ಕೋಡ್ ಕೊಡುವ ಕೆಲಸವನ್ನು ಹಳೆಯ ಕಂಪನಿಯಿಂದ ತೆಗೆದು, ಪೋರ್ಟ್ ಕೆಲಸಕ್ಕೆಂದೇ ಇರುವ ಪ್ರತ್ಯೇಕ ಸಂಸ್ಥೆಗೆ ವಹಿಸಿದರು. ಬಿಲ್ ಬಾಕಿ ಇದೆಯೇ, ಸಂಪರ್ಕ ಪಡೆದು 90 ದಿನ ಕಳೆದಿದೆಯೇ ಎಂಬ ತಪಾಸಣೆ ಕೋಡ್ ಕೊಡುವ ಮೊದಲೇ ಮುಗಿಯುತ್ತದೆ. ಅರ್ಜಿ ಹಾಕಿ ಕಾದು ಕೂತ ಮೇಲೆ ‘ತಿರಸ್ಕೃತ’ ಎಂದು ಕೇಳುವ ಗೋಳು ಇದರಿಂದ ಬಹಳ ಕಡಿಮೆಯಾಯಿತು.

ನಮ್ಮ ಊರಿನಂಥ ಕಡೆ ತೊಡಕು ಇರುವುದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಅಮ್ಮ ಕಂಪನಿ ಬಿಡಲು ಹೊರಟಿದ್ದು ಮನೆಯಲ್ಲಿ ಸಿಗ್ನಲ್ ಇಲ್ಲವೆಂದು. ಆದರೆ ಪೋರ್ಟ್ ಬೇಕೆಂದರೆ, ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಟೈಪ್ ಮಾಡಿ, ಜಾಗ ಬಿಟ್ಟು ನಂಬರ್ ಹಾಕಿ, ಅದೇ ಸಿಮ್‌ನಿಂದ 1900ಕ್ಕೆ ಎಸ್ಎಂಎಸ್ ಕಳಿಸಬೇಕು. ಸಿಗ್ನಲ್ ಸಿಗದ್ದಕ್ಕೆ ಬಿಡುವವರು ಬಿಡುವುದಕ್ಕೂ ಅದೇ ಸಿಗ್ನಲ್ ಹುಡುಕಬೇಕು. ಜಡಿಮಳೆಯಲ್ಲಿ ಅಮ್ಮನ ಕೀಪ್ಯಾಡ್ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮನೆ ಹಿಂದಿನ ಬ್ಯಾಣದ ತುದಿಗೆ ಹತ್ತಿದೆ. ಅಲ್ಲಿ ಸಿಗ್ನಲ್ಲಿನ ಕಡ್ಡಿ ಒಂದು ಮೂಡುತ್ತದೆ, ಮಾಯವಾಗುತ್ತದೆ. ಒಂದು ಅಕ್ಷರಕ್ಕೆ ಆರರ ಗುಂಡಿಯನ್ನು ಮೂರು ಸಲ ಒತ್ತಬೇಕಾದ ಫೋನದು. ಕೊಡೆ ಹೆಗಲಿಗೆ ಒರಗಿಸಿಕೊಂಡು ಟೈಪ್ ಮಾಡಿದ್ದು ಹೋಗದೆ ವಾಪಸಾಗುತ್ತಿತ್ತು. ಕೊನೆಗೆ ಹೋಗಿ ಉತ್ತರ ಬಂದಾಗ ಅದು ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡ ಪೇಪರನ್ನು ಮೂಲೆ ಬಿಡದೆ ಓದುವ ಅಮ್ಮನಿಗೆ, ತನ್ನದೇ ನಂಬರಿನ ಬಗ್ಗೆ ಬಂದ ಮೆಸೇಜನ್ನು ಇನ್ನೊಬ್ಬರು ಓದಿ ಹೇಳಬೇಕಾಯಿತು.

ಪಕ್ಕದ ಮನೆಯವರಿಗೆ ಇದೇ ಹಂತದಲ್ಲಿ ಬೇರೆ ತಡೆ ಎದುರಾಗಿತ್ತು. ಅವರದು ಎಸ್ಎಂಎಸ್ ಇಲ್ಲದ ಸಣ್ಣ ಪ್ಯಾಕ್. ‘ದೊಡ್ಡ ರೀಚಾರ್ಜ್ ಹಾಕಿಸಿ, ಆಮೇಲೆ ಪೋರ್ಟ್ ಮಾಡಿ’ ಎಂದು ಅಂಗಡಿಯಲ್ಲಿ ಹೇಳಿ ಕಳಿಸಿದ್ದರು. ಹಾಗೆ ಹೇಳುವಂತೆಯೇ ಇಲ್ಲ. ಯಾವ ಪ್ಯಾಕ್ ಇದ್ದರೂ 1900ಕ್ಕೆ ಎಸ್ಎಂಎಸ್ ಹೋಗಲೇಬೇಕು ಎಂದು ಟ್ರಾಯ್ 2021ರ ಡಿಸೆಂಬರಿನಲ್ಲೇ ಎಲ್ಲ ಕಂಪನಿಗಳಿಗೆ ಆದೇಶಿಸಿದೆ. ಆದೇಶದ ಸುದ್ದಿ ಹಳ್ಳಿಯ ರೀಚಾರ್ಜ್ ಅಂಗಡಿಯವರೆಗೆ ಬರಲಿಲ್ಲ, ಅಷ್ಟೆ. ಗೊತ್ತಿಲ್ಲದ ನಿಯಮದಿಂದ ಯಾರಿಗೂ ಉಪಯೋಗವಿಲ್ಲ. ಅಂದಿನಿಂದ ಊರಿನವರಿಗೆ ನಾನು ಇದನ್ನು ಮೊದಲು ಹೇಳುತ್ತೇನೆ.

ಕೋಡ್ ಬಂದ ಮೇಲೆ ಇರುವುದು ನಾಲ್ಕೇ ದಿನ. ಅಷ್ಟರೊಳಗೆ ಹೊಸ ಕಂಪನಿಯ ಕೌಂಟರಿಗೆ ಹೋಗಿ ಆಧಾರ್ ಕೊಟ್ಟು ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಇದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಗುವ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಬಸ್ಸು ಬರಬೇಕು, ಪೇಟೆಯಲ್ಲಿ ಕರೆಂಟ್ ಇರಬೇಕು, ಬೆರಳಚ್ಚಿನ ಯಂತ್ರಕ್ಕೆ ಅಮ್ಮನ ಸವೆದ ಬೆರಳು ಹಿಡಿಸಬೇಕು. ಜಮ್ಮು ಕಾಶ್ಮೀರ, ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳಲ್ಲಿ ಇದೇ ಕೋಡಿಗೆ 30 ದಿನದ ಆಯುಷ್ಯವಿದೆ. ಅಲ್ಲಿನ ಬೆಟ್ಟಗುಡ್ಡದವರ ಕಷ್ಟ ಅರ್ಥಮಾಡಿಕೊಂಡ ನಿಯಮಕ್ಕೆ ನಮ್ಮ ಬೆಟ್ಟಗುಡ್ಡ ಕಾಣಬಾರದೇಕೆ?

ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಸಿಮ್ ಯಾರ ಹೆಸರಲ್ಲಿದೆ ಅಕ್ಕಾ?’ ಸಿಮ್ ಇದ್ದದ್ದು ತೀರಿಹೋದ ಅಪ್ಪನ ಹೆಸರಿನಲ್ಲಿ. ವರ್ಷಗಳಿಂದ ಬಳಸುತ್ತಿರುವವಳು, ರೀಚಾರ್ಜಿಗೆ ದುಡ್ಡು ಕೊಡುತ್ತಿರುವವಳು ಅಮ್ಮ. ದಾಖಲೆಯಲ್ಲಿ ಮಾತ್ರ ಆಕೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಮನೆಮನೆಯ ಕಥೆ. ಗಂಡನ ಹೆಸರಿನ ಸಿಮ್ ಹೆಂಡತಿಯ ಕೈಯಲ್ಲಿ, ಮಗನ ಹೆಸರಿನದು ತಾಯಿಯ ಕೈಯಲ್ಲಿ. ‘ಹೊಸ ನಂಬರ್ ತಗೊಳ್ಳಿ, ಸುಲಭ’ ಎಂದು ಸುತ್ತ ನಿಂತವರೆಲ್ಲ ಹೇಳಿದರು. ಅಮ್ಮ ಒಪ್ಪಲಿಲ್ಲ. ಆ ನಂಬರ್ ನೆಂಟರಿಷ್ಟರ ಬಾಯಿಪಾಠವಾಗಿತ್ತು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಅದೇ ಇತ್ತು.

ಹೆಸರು ಬದಲಾಗಬೇಕೆಂದರೆ ಹಳೆಯ ಕಂಪನಿಯ ಹತ್ತಿರವೇ ಹೋಗಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ, ಗುರುತಿನ ದಾಖಲೆ ಎಲ್ಲ ಕೊಟ್ಟೆವು. ಹೆಸರು ಬದಲಾವಣೆ ಬಾಕಿ ಇರುವಷ್ಟು ಕಾಲ ಪೋರ್ಟ್ ಕೋಡ್ ಸಿಗುವುದಿಲ್ಲ ಎಂಬುದು ನಿಯಮ. ಅಂದಮೇಲೆ, ಗಿರಾಕಿ ಬಿಟ್ಟುಹೋಗುತ್ತಾರೆಂದು ಗೊತ್ತಿರುವ ಕಂಪನಿಗೆ ಈ ಕಡತವನ್ನು ಬೇಗ ಮುಗಿಸುವ ಅವಸರವೇನಿದೆ? ಕೇಳಿದಾಗಲೆಲ್ಲ ‘ಪ್ರೊಸೆಸ್‌ನಲ್ಲಿದೆ’ ಎಂಬ ಉತ್ತರ. ನಡುವೆ ಅಮ್ಮನ ಫೋನಿಗೆ ‘ಬಿಡಬೇಡಿ, ವಿಶೇಷ ಆಫರ್ ಇದೆ’ ಎಂಬ ಕರೆಗಳು. ದೂರು ಕೊಡಬೇಕೆಂದರೂ ಮೊದಲು ಅದೇ ಕಂಪನಿಯ ದೂರು ಕೇಂದ್ರ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿ ತೀರ್ಮಾನಕ್ಕೆ 39 ದಿನದ ಕಾಲಾವಕಾಶವಿದೆ. ಗಿರಾಕಿಗೆ ನಾಲ್ಕು ದಿನ, ಕಂಪನಿಗೆ 39 ದಿನ ಅನ್ನುವುದು ನ್ಯಾಯವಲ್ಲ. ಹೆಸರು ಬದಲಾವಣೆ ಮುಗಿದು ಹೊಸ ಕೋಡ್ ಬಂದ ಮೇಲೆ ಪೋರ್ಟ್ ಮಾತ್ರ ಹೇಳಿದ ಸಮಯಕ್ಕೇ ಆಯಿತು. ನಡುವಿನ ಸಂಸ್ಥೆಯ ಕೈಯಲ್ಲಿದ್ದ ಕೆಲಸ ಚುರುಕಾಗಿ ನಡೆಯಿತು, ಹಳೆಯ ಕಂಪನಿಯ ಕೈಯಲ್ಲಿದ್ದದ್ದು ತೆವಳಿತು. ಸುಧಾರಣೆ ಯಾವ ಕಡೆ ಹೋಗಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವೇಗವಷ್ಟೇ ಸಾಲದು ಎಂಬುದನ್ನೂ ಈ ಓಡಾಟದಲ್ಲಿ ಕಲಿತೆ. ನಂಬರ್ ಬೇರೆಯವರ ಪಾಲಾದರೆ ಒಟಿಪಿ ಅವರ ಪಾಲು, ಬ್ಯಾಂಕಿನ ಹಣವೂ ಅವರ ಪಾಲು. ಅದಕ್ಕೇ 2024ರ ಜುಲೈ 1ರಿಂದ, ಸಿಮ್ ಬದಲಿಸಿದ ಏಳು ದಿನದೊಳಗೆ ಪೋರ್ಟ್ ಕೋಡ್ ಕೊಡಬಾರದೆಂಬ ನಿಯಮ ಬಂದಿದೆ. ಅದು ಸರಿಯಾದ ಎಚ್ಚರಿಕೆ. ಅದರ ಜೊತೆಗೆ ನಂಬರಿಗೆ ಬೀಗ ಹಾಕುವ, ತೆಗೆಯುವ ಅಧಿಕಾರ ಬಳಕೆದಾರರ ಕೈಗೇ ಬರಬೇಕು. ಅಮೆರಿಕದ ಸಂವಹನ ಆಯೋಗ, ಗಿರಾಕಿ ಕೇಳಿದರೆ ಇಂಥ ಬೀಗವನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮವನ್ನು 2023ರ ನವೆಂಬರಿನಲ್ಲಿ ಅಂಗೀಕರಿಸಿತು. ಬ್ರಿಟನ್ನಿನಲ್ಲಿ 2019ರ ಜುಲೈ 1ರಿಂದ ಒಂದು ಉಚಿತ ಎಸ್ಎಂಎಸ್‌ಗೆ ನಿಮಿಷದೊಳಗೆ ಕೋಡ್ ಬರುತ್ತದೆ; ಬಾಕಿ ಎಷ್ಟು, ಪ್ರೀಪೇಯ್ಡ್ ಹಣ ಎಷ್ಟು ಉಳಿದಿದೆ ಎಂಬ ಲೆಕ್ಕವೂ ಅದರಲ್ಲೇ ಇರುತ್ತದೆ. ಕೋಡಿಗೆ 30 ದಿನದ ಅವಧಿ, ಕೊಟ್ಟ ಮರು ಕೆಲಸದ ದಿನವೇ ನಂಬರ್ ಹೊಸ ಕಂಪನಿಯಲ್ಲಿ. ನಮ್ಮಲ್ಲಿ ಉಳಿದ ಬ್ಯಾಲೆನ್ಸ್ ಹಳೆಯ ಕಂಪನಿಯಲ್ಲೇ ಕರಗುತ್ತದೆ.

ಪೋರ್ಟ್‌ಗೆ ಹೊರಡುವವರಿಗೆ ನನ್ನ ಮಾತು ಇಷ್ಟು. ಸಿಮ್ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಮನೆಯಲ್ಲಿ ಬಳಸುವವರ ಹೆಸರಿಗೇ ಅದನ್ನು ಈಗಲೇ, ಯಾವ ತುರ್ತೂ ಇಲ್ಲದಾಗಲೇ ಮಾಡಿಸಿ. ಹೊಸ ಕಂಪನಿಯ ಸಿಗ್ನಲ್ಲನ್ನು ನಿಮ್ಮ ಅಡುಗೆಮನೆಯಲ್ಲಿ, ತೋಟದಲ್ಲಿ ನೆರೆಯವರ ಫೋನಿನಿಂದ ಪರೀಕ್ಷಿಸಿ, ಏಕೆಂದರೆ ಒಮ್ಮೆ ಹೋದ ಮೇಲೆ 90 ದಿನ ಅಲ್ಲೇ ಇರಬೇಕು. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ 1900ಕ್ಕೆ ‘ಕ್ಯಾನ್ಸಲ್’ ಎಂಬ ಎಸ್ಎಂಎಸ್ ಕಳಿಸಬಹುದು. ಯುಪಿಐ ಬಳಸುವವರು ಹೊಸ ಸಿಮ್ ಹಾಕಿದ ಮೇಲೆ ಆ್ಯಪ್‌ನಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಕೈಯಲ್ಲಿ ಸ್ವಲ್ಪ ನಗದು ಇರಲಿ.

ಆಳುವವರಿಂದ ನಾನು ಬಯಸುವುದೂ ಅಷ್ಟೇ ಸ್ಪಷ್ಟ. ಕೋಡಿನ ಅವಧಿ ದೇಶಕ್ಕೆಲ್ಲ 30 ದಿನವಾಗಲಿ. ಕೋಡ್ ಕೇಳಲು ಹಳೆಯ ಕಂಪನಿಯ ಸಿಗ್ನಲ್ಲೇ ಬೇಕೆಂಬ ಕಟ್ಟು ಸಡಿಲವಾಗಲಿ. ಹೊಸ ಕಂಪನಿಯ ಕೌಂಟರಿನಲ್ಲೋ ಅಂಚೆ ಕಚೇರಿಯಲ್ಲೋ ಆಧಾರ್ ದೃಢೀಕರಣದ ಮೇಲೆ ಅದು ಸಿಗಲಿ. ತೀರಿಕೊಂಡವರ ಹೆಸರಿನ ನಂಬರನ್ನು ವಾರಸುದಾರರ ಹೆಸರಿಗೆ ಮಾಡುವುದೂ ಪೋರ್ಟ್ ಮಾಡುವುದೂ ಹೊಸ ಕಂಪನಿಯಲ್ಲೇ ಒಂದೇ ಅರ್ಜಿಯಲ್ಲಿ ಮುಗಿಯಲಿ. ಮೆಸೇಜು ಕನ್ನಡದಲ್ಲಿ ಬರಲಿ. ತಡ ಮಾಡಿದ ಕಂಪನಿಯಿಂದ ವಸೂಲಾಗುವ ದಂಡದಲ್ಲಿ ಒಂದು ಪಾಲು, ಕಾದು ಕುಳಿತ ಗಿರಾಕಿಯ ಖಾತೆಗೆ ಬರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ನಂಬರಿನ ಮೇಲಿನ ತೀರ್ಮಾನ ಅದನ್ನು ಬಳಸುವವರದು ಎಂದು ಒಪ್ಪಿಕೊಂಡು ನಿಯಮ ಬರೆದರೆ ಸಾಕು.