ಚಾಪ್ಟರ್ 13ರ ಕೊನೆಯ ವರ್ಷದಲ್ಲಿ ಮನೆ ಮಾರಿದೆವು

ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 13ರಲ್ಲಿ ಮನೆ ಉಳಿಸಿಕೊಂಡೇ ಮೂರರಿಂದ ಐದು ವರ್ಷ ಕಂತು ಕಟ್ಟಿ ಸಾಲ ತೀರಿಸಬಹುದು. ಕೋವಿಡ್ ಕಾಲದಲ್ಲಿ ನಮ್ಮ ಹೋಟೆಲು ಮುಚ್ಚಿದಾಗ, ಸ್ವಂತ ಜಾಮೀನಿನ ಮೇಲೆ ಎತ್ತಿದ್ದ ಸಾಲವೆಲ್ಲ ನಮ್ಮ ತಲೆಗೇ ಬಂತು. ಡಲ್ಲಾಸ್ ಬಳಿಯ ಮನೆಯಾದರೂ ಉಳಿಯಲಿ ಎಂದು ಐದು ವರ್ಷದ ಯೋಜನೆಗೆ ಸಹಿ ಹಾಕಿದೆವು. ಕೊನೆಯ ವರ್ಷ ನಮ್ಮ ಯಜಮಾನರಿಗೆ ಸ್ಯಾನ್ ಆಂಟೋನಿಯೊದಲ್ಲಿ ಕೆಲಸ ಸಿಕ್ಕಿತು. ಯಾವ ಮನೆಗಾಗಿ ಅಷ್ಟು ವರ್ಷ ಒದ್ದಾಡಿದ್ದೆವೋ ಅದನ್ನೇ ಮಾರಬೇಕಾಯಿತು.

ಮನೆ ನಮ್ಮ ಹೆಸರಿನಲ್ಲೇ ಇದ್ದರೂ ಕೋರ್ಟಿನ ಅಪ್ಪಣೆಯಿಲ್ಲದೆ ಮಾರುವಂತಿರಲಿಲ್ಲ. ಯಾರಿಗೆ ಮಾರುತ್ತೀರಿ, ಎಷ್ಟಕ್ಕೆ, ಏಜೆಂಟರ ಕಮಿಷನ್ ಎಷ್ಟು, ಬ್ಯಾಂಕಿಗೆ ಹೋಗುವುದೆಷ್ಟು, ಎಲ್ಲವನ್ನೂ ಅರ್ಜಿಯಲ್ಲಿ ಬಿಡಿಸಿ ಹೇಳಬೇಕು. ಸಾಲ ಕೊಟ್ಟವರಿಗೆಲ್ಲ ಸಾಮಾನ್ಯವಾಗಿ 21 ದಿನದ ನೋಟಿಸು ಹೋಗುತ್ತದೆ. ಆದೇಶ ಬಂದಮೇಲೂ, ನ್ಯಾಯಾಧೀಶರು ವಿನಾಯಿತಿ ಕೊಡದಿದ್ದರೆ, ಅದು 14 ದಿನ ಜಾರಿಗೆ ಬರುವುದಿಲ್ಲ. ಆ ವಿನಾಯಿತಿಯನ್ನು ಅರ್ಜಿಯಲ್ಲೇ ಕೇಳಬೇಕೆಂದು ನಮ್ಮ ವಕೀಲರಿಗೆ ಗೊತ್ತಿದ್ದದ್ದು ನಮ್ಮ ಪುಣ್ಯ. ಆದೇಶ ಕೈಗೆ ಬರದೆ, ಮಾರಾಟದ ಕಾಗದಪತ್ರ ನೋಡಿಕೊಳ್ಳುವ ಟೈಟಲ್ ಕಂಪನಿಯವರು ಕ್ಲೋಸಿಂಗಿಗೆ ಒಪ್ಪಲಿಲ್ಲ.

"ದಿವಾಳಿಯ ವಿಷಯ ಈಗಲೇ ಹೇಳಿದರೆ ಕೊಳ್ಳುವವರು ಹೆದರಿಕೊಳ್ಳುತ್ತಾರೆ" ಎಂದರು ಏಜೆಂಟ್. ನಾವು ಒಪ್ಪಲಿಲ್ಲ. ಕೋರ್ಟು ಒಪ್ಪಿದರೆ ಮಾತ್ರ ಮಾರಾಟ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿದೆವು. ಮೊದಲು ಬಂದವರು ಹಿಂದೆ ಸರಿದರು, ನಿಜ. ಆಮೇಲೆ ಬಂದ ಕುಟುಂಬ ವಿಷಯ ತಿಳಿದೇ ಕಾಯಿತು. ನಡುದಾರಿಯಲ್ಲಿ ಕೈಕೊಡುವವರಿಗಿಂತ ಮೊದಲೇ ಹೋಗುವವರು ಎಷ್ಟೋ ವಾಸಿ.

ಸಾಲ ಪೂರ್ತಿ ತೀರಿಸಲು ಎಷ್ಟು ಬೇಕೆಂದು ಬ್ಯಾಂಕು ಕೊಟ್ಟ ಪೇಆಫ್ ಲೆಕ್ಕವನ್ನು ಹಾಗೇ ನಂಬಬೇಡಿ. ಹಳೆಯ ಬಾಕಿಯನ್ನು, ನಮ್ಮ ಕಂತು ಪಡೆದು ಸಾಲ ಕೊಟ್ಟವರಿಗೆ ಹಂಚುವ ಟ್ರಸ್ಟಿ, ಆ ಕಂತಿನಿಂದಲೇ ತೀರಿಸುತ್ತ ಬಂದಿದ್ದರೂ ಅದರ ಒಂದು ಭಾಗ ಬ್ಯಾಂಕಿನ ಕಾಗದದಲ್ಲಿ ಇನ್ನೂ ಬಾಕಿ ಎಂದೇ ಇತ್ತು. ಟ್ರಸ್ಟಿಯ ಪಾವತಿ ಪಟ್ಟಿ ಮುಂದಿಟ್ಟಾಗ ಸರಿಪಡಿಸಿದರು.

ನನ್ನ ನಿದ್ದೆಗೆಡಿಸಿದ್ದು ಉಳಿಯುವ ಹಣದ ವಿಚಾರ. ಟೆಕ್ಸಾಸಿನಲ್ಲಿ ವಾಸದ ಮನೆಗೆ ದೊಡ್ಡ ರಕ್ಷಣೆಯಿದೆ. ಕೊಂಡು ಹಲವು ವರ್ಷವಾಗಿದ್ದರೆ ಬೆಲೆಗೆ ಮಿತಿಯಿಲ್ಲ, ಪಟ್ಟಣದಲ್ಲಿ 10 ಎಕರೆಯೊಳಗಿದ್ದರೆ ಸಾಕು. ಆದರೆ ಮನೆ ಮಾರಿದ ಹಣಕ್ಕೆ ಆ ರಕ್ಷಣೆ ಆರೇ ತಿಂಗಳು. ಚಾಪ್ಟರ್ 13 ನಡೆಯುತ್ತಿರುವಾಗ ಮನೆ ಮಾರಿ, ಆ ಗಡುವಿನೊಳಗೆ ಹಣವನ್ನು ಇನ್ನೊಂದು ಮನೆಗೆ ಹಾಕದವರಿಗೆ ರಕ್ಷಣೆ ತಪ್ಪುತ್ತದೆಂದು ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2014ರಲ್ಲೇ ತೀರ್ಪು ಕೊಟ್ಟಿದೆ. ಇತ್ತ ಹೊಸ ಗೃಹಸಾಲಕ್ಕೂ ಕೋರ್ಟಿನ ಅಪ್ಪಣೆ ಬೇಕು! ಯೋಜನೆಯ ಕಂತನ್ನು 12 ತಿಂಗಳು ತಪ್ಪದೆ ಕಟ್ಟಿದವರು ಅಪ್ಪಣೆ ಪಡೆದು ಎಫ್‌ಎಚ್‌ಎ ಸಾಲಕ್ಕೆ ಅರ್ಜಿ ಹಾಕಬಹುದು. ಆ ದಾರಿ ಹಿಡಿದು, ಗಡುವಿನೊಳಗೆ ಚಿಕ್ಕದೊಂದು ಮನೆ ಕೊಂಡೆವು.

ಊರಿನ ಆಸ್ತಿಯ ಮಾತೂ ಹೇಳಬೇಕು. ತಿಪಟೂರಿನ ತೆಂಗಿನ ತೋಟದಲ್ಲಿ ಯಜಮಾನರ ಪಾಲಿದೆ. "ಇಲ್ಲಿನ ತೋಟಕ್ಕೂ ಅಮೆರಿಕದ ಕೋರ್ಟಿಗೂ ಏನಮ್ಮ ಸಂಬಂಧ?" ಎಂದು ಭಾವನವರು ಬೇಸರಪಟ್ಟಿದ್ದರು. ಸಂಬಂಧ ಇದೆ. ಆಸ್ತಿ ಯಾವ ದೇಶದಲ್ಲಿದ್ದರೂ ಘೋಷಿಸಲೇಬೇಕು. ಅದನ್ನು ಕೋರ್ಟಿಗೆ ಕೊಟ್ಟ ಮೊದಲ ಆಸ್ತಿ ಪಟ್ಟಿಯಲ್ಲೇ ಬರೆದಿದ್ದರಿಂದ, ಮನೆ ಮಾರುವಾಗ ನಮ್ಮ ಪ್ರಾಮಾಣಿಕತೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಬಚ್ಚಿಟ್ಟಿದ್ದರೆ ಅಷ್ಟು ವರ್ಷ ಕಟ್ಟಿದ್ದೆಲ್ಲ ನೀರುಪಾಲಾಗಬಹುದಿತ್ತು.

ಕೊನೆಯ ಕಂತು ಕಟ್ಟಿದ ಕೂಡಲೇ ಬಿಡುಗಡೆ ಸಿಗುವುದಿಲ್ಲ. ಹಣಕಾಸು ನಿರ್ವಹಣೆಯ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಕೋರ್ಟಿಗೆ ಹೋಗಿರಬೇಕು, ಡಿಸ್ಚಾರ್ಜ್ ಆದೇಶ ಬರಬೇಕು. ಅಲ್ಲಿಯವರೆಗೆ ಯಾವ ಹೆಜ್ಜೆಯನ್ನೂ ವಕೀಲರನ್ನು ಕೇಳದೆ ಇಡಬೇಡಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ, ಕೋರ್ಟಿನಿಂದ ಕೋರ್ಟಿಗೆ ಬದಲಾಗುತ್ತದೆ. ಮನೆ ಮುಂದೆ ಬೋರ್ಡು ನೆಡುವ ಮೊದಲೇ, ಮಾರಿದ ಹಣ ಯಾರಿಗೆ ಸೇರುತ್ತದೆ, ಅದಕ್ಕೆ ಗಡುವು ಯಾವ ತಾರೀಖು ಎಂಬುದನ್ನು ನಿಮ್ಮ ವಕೀಲರಿಂದ ಬರಹದಲ್ಲಿ ಪಡೆದುಕೊಳ್ಳಿ.