ಮುಟ್ಟಿನ ನಡುವೆ ರಕ್ತ ಕಂಡರೆ: ತಾಯಂದಿರಿಗೆ ತಿಳಿವಳಿಕೆ



ಮುಟ್ಟು ಮುಗಿದು ವಾರವೋ ಹತ್ತು ದಿನವೋ ಆಗಿರುತ್ತದೆ. ಬಟ್ಟೆಯ ಮೇಲೆ ಮತ್ತೆ ರಕ್ತದ ಕಲೆ ಕಾಣುತ್ತದೆ. ಕೆಲವರು ಗಾಬರಿಯಾಗುತ್ತಾರೆ. ಕೆಲವರು 'ಉಷ್ಣ ಆಗಿರಬೇಕು' ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ. ಯಾವ ರಕ್ತಕ್ಕೆ ಹೆದರಬೇಕಿಲ್ಲ, ಯಾವುದನ್ನು ಮುಚ್ಚಿಡಬಾರದು ಎಂಬುದನ್ನು ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕು.

ಮೊದಲು ಲೆಕ್ಕ ಸರಿಯಿರಲಿ

ಮುಟ್ಟಿನ ಲೆಕ್ಕವನ್ನು ರಕ್ತ ಕಂಡ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಹಿಡಿಯಬೇಕು. ಇದು 21ರಿಂದ 35 ದಿನಗಳೊಳಗಿದ್ದರೆ, ಸ್ರಾವ 2ರಿಂದ 7 ದಿನ ಇದ್ದರೆ, ಸಾಮಾನ್ಯವಾಗಿ ಚಿಂತೆಯಿಲ್ಲ. 'ಒಂದೇ ತಿಂಗಳಲ್ಲಿ ಎರಡು ಸಲ ಆಯಿತು' ಎಂದು ಅನೇಕರು ಹೆದರಿ ಬರುತ್ತಾರೆ. 2ನೇ ತಾರೀಖಿಗೆ ಮುಟ್ಟಾದವರು 29ಕ್ಕೆ ಮತ್ತೆ ಮುಟ್ಟಾದರೆ ಅದು 27 ದಿನಗಳ ಲೆಕ್ಕ. ಅದು ಸಹಜವೇ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ಇಟ್ಟುಕೊಂಡರೆ ಇಂತಹ ಅರ್ಧ ಚಿಂತೆ ತಾನಾಗಿ ಹೋಗುತ್ತದೆ.

ನಡುವಿನ ಕಲೆ ಏಕೆ?

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುತ್ತದೆ. ಆಗ ಹಾರ್ಮೋನುಗಳಲ್ಲಿ ಏರಿಳಿತವಾಗಿ ಕೆಲವರಿಗೆ ಒಂದೆರಡು ದಿನ ತಿಳಿಗೆಂಪು ಇಲ್ಲವೆ ಕಂದು ಬಣ್ಣದ ಕಲೆ ಕಾಣಬಹುದು. ಕಿಬ್ಬೊಟ್ಟೆಯ ಒಂದು ಬದಿಗೆ ಸಣ್ಣ ನೋವೂ ಇರಬಹುದು. ಇದು ರೋಗವಲ್ಲ. ಆದರೆ ಪ್ರತಿ ತಿಂಗಳೂ ಬರುತ್ತಿದ್ದರೆ, ಅಥವಾ ಹಿಂದೆ ಇಲ್ಲದ್ದು ಈಗ ಹೊಸದಾಗಿ ಶುರುವಾಗಿದ್ದರೆ, ಒಮ್ಮೆ ತೋರಿಸಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಬೇರೆ ಕಾರಣಗಳೂ ಉಂಟು:

* ಗರ್ಭನಿರೋಧಕ ಮಾತ್ರೆ ಶುರುಮಾಡಿದ ಮೊದಲ 3 ತಿಂಗಳು, ಅಥವಾ ನಡುವೆ ಮಾತ್ರೆ ಮರೆತಾಗ.
* ವಂಕಿ (ಕಾಪರ್-ಟಿ) ಹಾಕಿಸಿಕೊಂಡ ಮೊದಲ ಕೆಲವು ತಿಂಗಳು, ಅಥವಾ 3 ತಿಂಗಳಿಗೊಮ್ಮೆಯ ಚುಚ್ಚುಮದ್ದು ಪಡೆಯುತ್ತಿರುವಾಗ.
* ಹಬ್ಬ, ಜಾತ್ರೆ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗಿದಾಗ. ವೈದ್ಯರನ್ನು ಕೇಳದೆ ಈ ಮಾತ್ರೆ ತೆಗೆದುಕೊಳ್ಳಬೇಡಿ.
* ಥೈರಾಯ್ಡ್ ತೊಂದರೆ, ಅಂಡಾಶಯದಲ್ಲಿ ನೀರುಗುಳ್ಳೆಗಳಿರುವ ಪಿಸಿಓಡಿ.
* ಗರ್ಭಕೋಶದ ಗಡ್ಡೆ, ಒಳಪದರದ ದುರ್ಮಾಂಸ, ಸೋಂಕು.
* ಗರ್ಭ ನಿಂತಿರುವುದು. ರಕ್ತ ಕಂಡಿತೆಂದು ಬಸುರಿಯಲ್ಲ ಎಂದುಕೊಳ್ಳಬಾರದು.

ವಯಸ್ಸಿಗೆ ತಕ್ಕ ಬದಲಾವಣೆ

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯ. ಆದರೆ ಹುಡುಗಿಗೆ ತೀರಾ ಹೆಚ್ಚು ರಕ್ತ ಹೋಗುತ್ತಿದ್ದರೆ ಕಾಯಬೇಡಿ. 40 ದಾಟಿದ ಮೇಲೆ ಮುಟ್ಟಿನ ಅಂತರ ಬದಲಾಗುವುದೂ ಸಹಜ. ಆದರೂ ಈ ವಯಸ್ಸಿನಲ್ಲಿ ಹೆಚ್ಚಾಗುವ ರಕ್ತಸ್ರಾವವನ್ನೆಲ್ಲ 'ಮುಟ್ಟು ನಿಲ್ಲುವ ಕಾಲ' ಎಂದು ತಳ್ಳಿಹಾಕಬಾರದು.

ಮುಟ್ಟು ನಿಂತು ಪೂರ್ತಿ 12 ತಿಂಗಳು ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟಲ್ಲ. 'ಮತ್ತೆ ಮುಟ್ಟು ಬಂತು' ಎಂದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತವರಲ್ಲಿ ಕೆಲವರಿಗೆ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ. ಆದರೆ ಪರೀಕ್ಷೆ ಮಾಡದೆ ಅದನ್ನು ಹೇಳಲಾಗದು. ಬೇಗ ಗೊತ್ತಾದರೆ ಬಹಳಷ್ಟು ಜನ ಗುಣವಾಗುತ್ತಾರೆ.

ಈ ಲಕ್ಷಣಗಳಿದ್ದರೆ ತಡಮಾಡದೆ ತೋರಿಸಿ

* ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ.
* ಗಂಡ ಹೆಂಡತಿ ಸೇರಿದ ನಂತರ ರಕ್ತ, ಅಥವಾ ದುರ್ವಾಸನೆಯ ಬಿಳಿಸೆರಗು. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಹೀಗಾಗಬಹುದು.
* 7 ದಿನ ಮೀರಿದ ಸ್ರಾವ, ದೊಡ್ಡ ಗಡ್ಡೆಗಟ್ಟಿದ ರಕ್ತ.
* ಸುಸ್ತು, ಏದುಸಿರು, ಮುಖ ಬಿಳಿಚುವುದು. ಇವು ರಕ್ತಹೀನತೆಯ ಗುರುತು.

ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ಪೂರ್ತಿ ನೆನೆಯುತ್ತಿದ್ದರೆ, ಅಥವಾ ಮುಟ್ಟು ತಪ್ಪಿದವರಿಗೆ ಹೊಟ್ಟೆನೋವು, ತಲೆಸುತ್ತಿನೊಂದಿಗೆ ರಕ್ತ ಕಂಡರೆ, ಅದು ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಗರ್ಭವು ನಳಿಕೆಯಲ್ಲಿ ನಿಂತಿದ್ದರೆ ಪ್ರಾಣಕ್ಕೆ ಅಪಾಯ.

ಪರೀಕ್ಷೆಗೆ ಬರುವಾಗ

ಕಳೆದ ಮೂರು ಮುಟ್ಟಿನ ತಾರೀಖು, ನಡುವೆ ರಕ್ತ ಕಂಡ ದಿನ ಬರೆದುಕೊಂಡು ಬನ್ನಿ. ನುಂಗುತ್ತಿರುವ ಮಾತ್ರೆಗಳ ಚೀಟಿ ತನ್ನಿ. 'ರಕ್ತ ನಿಂತ ಮೇಲೆ ಬರುತ್ತೇನೆ' ಎಂದು ಕಾಯಬೇಕಿಲ್ಲ. ರಕ್ತ, ಮೂತ್ರ, ಸ್ಕ್ಯಾನಿಂಗ್, ಒಳಪರೀಕ್ಷೆ, ಬೇಕಾದರೆ ಒಳಪದರದ ತುಣುಕಿನ ಪರೀಕ್ಷೆ ಮಾಡುತ್ತಾರೆ. 30 ದಾಟಿದವರು ತೊಂದರೆ ಇಲ್ಲದಿದ್ದರೂ ಗರ್ಭಕೋಶದ ಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು.

'ಗರ್ಭಕೋಶ ತೆಗೆಸಿಬಿಟ್ಟರೆ ಕಾಟ ತಪ್ಪುತ್ತದೆ' ಎಂಬ ಮಾತಿಗೆ ಮರುಳಾಗಬೇಡಿ. ಬಹುಪಾಲು ತೊಂದರೆಗೆ ಮಾತ್ರೆಯಲ್ಲೇ ಪರಿಹಾರ ಉಂಟು. ಕಾರಣ ತಿಳಿಯದೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಬೇಕೇಬೇಕು ಎಂದರೆ ಏಕೆ ಎಂದು ಕೇಳಿ ತಿಳಿದುಕೊಳ್ಳಿ.

ಜೊತೆಗೆ ಬಂದವರಲ್ಲಿ ಒಂದು ಮಾತು

ನಿಮ್ಮ ತಾಯಿ, ಅತ್ತೆ, ಹೆಂಡತಿ, ಮಗಳು ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ. ನೀವೇ ಕೇಳಿ. ಹನ್ನೆರಡನೆಯ ಶತಮಾನದಲ್ಲೇ ಶರಣರು ಮುಟ್ಟಿನ ಸೂತಕವನ್ನು ಒಪ್ಪಲಿಲ್ಲ. ಹಾಗಿರುವಾಗ ನಾವು ಅದನ್ನು ನಾಚಿಕೆಯ ವಿಷಯ ಮಾಡಿ ಕಾಯಿಲೆ ಬೆಳೆಯಲು ಬಿಡುವುದು ಸರಿಯೇ? ಸಮಯಕ್ಕೆ ಹೇಳಿದ ಒಂದು ಮಾತು ಒಂದು ಜೀವ ಉಳಿಸಬಹುದು.